ಫ್ರೇಮ್‌ನಿಂದ ಶುರುಮಾಡಿ ನಾನೇ ಕಟ್ಟಿದ ಸೈಕಲ್

ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕು ಅಂತ ನನಗೆ ಕಲಿಸಿದ್ದು ಸೋದರಮಾವ. ಹಾಸನದಲ್ಲಿ ಅವರದು ಸೈಕಲ್ ಶಾಪ್ ಇತ್ತು. ಬೇಸಿಗೆ ರಜೆಯೆಲ್ಲ ನಾನು ಅಲ್ಲೇ ಇರುತ್ತಿದ್ದೆ. ಪಾನಾ ಹಾಕು, ತಿರುಗಿಸು, ನಿಂತ ಮೇಲೆ ಇನ್ನೊಂದು ಕಾಲು ಸುತ್ತು ಹಾಕು. ಅಷ್ಟೇ ಅವರ ಲೆಕ್ಕ. ಉಕ್ಕಿನ ಸೈಕಲ್‌ಗೆ ಆ ಲೆಕ್ಕ ಸರಿಯಾಗಿಯೇ ಇತ್ತು. ಎಷ್ಟೋ ವರ್ಷಗಳ ಮೇಲೆ ಬೆಂಗಳೂರಿನ ಮನೆಯಲ್ಲಿ ಕಾರ್ಬನ್ ನಾರಿನ ಫ್ರೇಮಿನ ಫುಲ್ ಸಸ್ಪೆನ್ಷನ್, ಅಂದರೆ ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ, ಮೌಂಟನ್ ಬೈಕ್ ಕಟ್ಟಲು ಕೂತಾಗ, ನನ್ನ ಕೈ ಮೊದಲು ಮರೆಯಬೇಕಾಗಿ ಬಂದದ್ದು ಆ ಕಾಲು ಸುತ್ತನ್ನೇ.

ರೆಡಿ ಸೈಕಲ್ ಯಾಕೆ ಕೊಳ್ಳಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಹತ್ತಿರ ಆಗಲೇ ಒಂದು ಅಲ್ಯೂಮಿನಿಯಂ ಹಾರ್ಡ್‌ಟೇಲ್ ಇತ್ತು, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್. ಅದರ ಚಕ್ರ, ಬ್ರೇಕು, ಶಿಮಾನೊ ಡಿಯೋರ್ 12 ಸ್ಪೀಡ್ ಗೇರ್ ಎಲ್ಲ ಚೆನ್ನಾಗಿದ್ದವು. ಸೊಂಟ ಮಾತ್ರ ಬೇಡ ಅನ್ನುತ್ತಿತ್ತು. ಹಾಗಾಗಿ ಫ್ರೇಮ್, ಹಿಂದಿನ ಶಾಕ್, ಮುಂದಿನ ಫೋರ್ಕ್, ಸೀಟನ್ನು ಓಡಿಸುವಾಗಲೇ ಮೇಲೆ ಕೆಳಗೆ ಮಾಡಬಹುದಾದ ಡ್ರಾಪರ್ ಸೀಟ್‌ಪೋಸ್ಟ್ ಇಷ್ಟನ್ನೇ ಹೊಸದಾಗಿ ಹೊಂದಿಸಿದೆ. ಫ್ರೇಮ್ ಚೀನಾದಿಂದ ಬಂತು. ಕಸ್ಟಮ್ಸ್ ಸುಂಕ, ಸಾಗಣೆ ಖರ್ಚು ಸೇರಿಸಿದ ಮೇಲೆ ಅದರ ಬೆಲೆ ನಾನು ಮೊದಲು ನೋಡಿದ ಬೆಲೆಯಾಗಿ ಉಳಿಯಲಿಲ್ಲ. ಹೊರಗಿನಿಂದ ತರಿಸುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಫ್ರೇಮ್ ಕೊಳ್ಳುವುದು ಅಂದರೆ ಒಂದಷ್ಟು ಅಳತೆಗಳನ್ನು ಕೊಂಡ ಹಾಗೆ. ಅದರ ಮೇಲೆ ಕೂರುವ ಪ್ರತಿಯೊಂದು ಭಾಗವೂ ಆ ಅಳತೆಗಳ ಮಾತು ಕೇಳಬೇಕು. ಹಿಂದಿನ ಚಕ್ರ ಕೂರುವ ಜಾಗದ ಅಗಲ 148 ಮಿಮೀ, ಆಕ್ಸಲ್ 12 ಮಿಮೀ ದಪ್ಪ. ಮುಂದೆ ಫೋರ್ಕಿನಲ್ಲಿ 110 ಮತ್ತು 15. ಇದಕ್ಕೆ ಬೂಸ್ಟ್ ಅಂತ ಹೆಸರು. ನನ್ನ ಹಳೆಯ ಚಕ್ರಗಳೂ ಬೂಸ್ಟ್ ಆಗಿದ್ದವು, ಅದು ನನ್ನ ಪುಣ್ಯ. ಪೆಡಲ್ ತಿರುಗುವ ಜಾಗದಲ್ಲಿ, ಅಂದರೆ ಬಾಟಮ್ ಬ್ರಾಕೆಟ್‌ನಲ್ಲಿ, ತಿರುಗಿಸಿ ಕೂರಿಸುವ ಮರೆ (ಥ್ರೆಡ್) ಇರುವ 73 ಮಿಮೀ ಅಗಲದ ಫ್ರೇಮನ್ನೇ ಹುಡುಕಿ ತಗೊಂಡೆ. ಒತ್ತಿ ಕೂರಿಸುವ ಪ್ರೆಸ್‌ಫಿಟ್ ಬೇಡ ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಮರೆಯದ್ದಾದರೆ ಮನೆಯಲ್ಲೇ ಬಿಚ್ಚಬಹುದು, ಮನೆಯಲ್ಲೇ ಹಾಕಬಹುದು. ನಮ್ಮ ಮಳೆ, ನಮ್ಮ ಕೆಮ್ಮಣ್ಣಿನಲ್ಲಿ ಅದನ್ನು ಪದೇ ಪದೇ ಬಿಚ್ಚಬೇಕಾಗುತ್ತದೆ.

ಇಷ್ಟೆಲ್ಲ ಅಳತೆ ನೋಡಿಯೂ ಶಾಕ್‌ನಲ್ಲಿ ತಪ್ಪಾಯಿತು. ಫ್ರೇಮಿಗೆ ಬೇಕಾದದ್ದು 210 ಮಿಮೀ ಉದ್ದದ, 50 ಮಿಮೀ ಒಳಹೋಗುವ ಶಾಕ್. ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯದೊಂದು ಸಿಕ್ಕಿತು. ಉದ್ದ 210 ಇತ್ತು, ಆದರೆ ಅದು 55 ಮಿಮೀ ಒಳಹೋಗುವಂಥದ್ದು. ಮಾರಿದವರು "ಬರೀ ಐದು ಮಿಲಿಮೀಟರ್ ಅಲ್ವಾ, ನಡೆಯುತ್ತೆ" ಅಂದರು. ನಾನೂ ನಂಬಿದೆ. ಫ್ರೇಮಿನಲ್ಲಿ ಬೋಲ್ಟಿಗೆ ಸರಿಯಾಗಿ ಕೂತಿತು ಕೂಡ.

ಆ ತಪ್ಪು ಹೊರಬಿದ್ದದ್ದು ಒಂದು ಸಣ್ಣ ಪರೀಕ್ಷೆಯಿಂದ. ಫುಲ್ ಸಸ್ಪೆನ್ಷನ್ ಕಟ್ಟುವವರು ಇದೊಂದನ್ನು ಬಿಡಲೇಬಾರದು. ಶಾಕ್‌ನ ಗಾಳಿಯನ್ನು ಪೂರ್ತಿ ತೆಗೆಯಿರಿ. ಹಿಂದಿನ ಚಕ್ರ ಹಾಕಿ, ಸೀಟಿನ ಮೇಲೆ ಭಾರ ಬಿಟ್ಟು, ಶಾಕ್ ಕೊನೆ ಮುಟ್ಟುವವರೆಗೂ ಫ್ರೇಮನ್ನು ಕೆಳಗೆ ಒತ್ತಿ. ನಾನು ಹಾಗೆ ಒತ್ತಿದಾಗ 2.4 ಇಂಚಿನ ಟೈರು ಸೀಟ್ ಟ್ಯೂಬಿಗೆ, ಅಂದರೆ ಸೀಟಿನ ಕೆಳಗಿನ ಫ್ರೇಮ್ ಕೊಳವೆಗೆ, ತಾಗಿತು. ಶಾಕ್ ಒಳಹೋಗುವ ಒಂದು ಮಿಲಿಮೀಟರಿಗೆ ಹಿಂದಿನ ಚಕ್ರ ಸುಮಾರು 2.6 ಮಿಮೀ ಏರುತ್ತದೆ. ಆ ಐದು ಮಿಲಿಮೀಟರ್ ಚಕ್ರದ ಹತ್ತಿರ ಬರುವ ಹೊತ್ತಿಗೆ ಹದಿಮೂರು ಆಗಿತ್ತು. ಕಾಡಿನಲ್ಲಿ ಎತ್ತರದಿಂದ ಇಳಿಯುವಾಗ ಇದೇ ಆಗಿದ್ದರೆ, ತಿರುಗುವ ಟೈರು ಕಾರ್ಬನ್ನನ್ನು ಉಜ್ಜುತ್ತಿತ್ತು. ಈ ಜಾತಿಯ ಶಾಕ್‌ಗಳಲ್ಲಿ ಒಳಗೆ ಒಂದು ಪ್ಲಾಸ್ಟಿಕ್ ಸ್ಪೇಸರ್ ಹಾಕಿ 55 ಅನ್ನು 50 ಮಾಡಬಹುದು. ಸಸ್ಪೆನ್ಷನ್ ಸರ್ವಿಸ್ ಮಾಡುವವರೊಬ್ಬರಿಂದ ಅದನ್ನು ಹಾಕಿಸಿದೆ. ಶಾಕ್ ಒಳಗೆ ಒತ್ತಡ ಇರುತ್ತದೆ, ಗೊತ್ತಿಲ್ಲದವರು ಬಿಚ್ಚಬಾರದು.

ಇದೇ ಪರೀಕ್ಷೆ ಇನ್ನೆರಡು ಕಡೆಯೂ ಬೇಕಾಗುತ್ತದೆ. ಹಿಂಭಾಗ ಮೇಲೇರುತ್ತಾ ಹೋದ ಹಾಗೆ ಪೆಡಲಿಗೂ ಹಿಂದಿನ ಚಕ್ರಕ್ಕೂ ನಡುವಿನ ದೂರ ಜಾಸ್ತಿಯಾಗುತ್ತದೆ. ಸುಮ್ನೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಚೈನ್ ಅಳೆದು ಕತ್ತರಿಸಿದರೆ, ಚೈನ್ ಹಿಂದಿನ ದೊಡ್ಡ ಹಲ್ಲುಚಕ್ರದ ಮೇಲಿದ್ದಾಗ ಒಂದು ದೊಡ್ಡ ಹಳ್ಳ ಸಾಕು, ಗೇರ್ ಬದಲಿಸುವ ಡಿರೇಲರ್ ಕಿತ್ತು ಬರುತ್ತದೆ. ಬ್ರೇಕಿನ ಹೋಸ್ ಉದ್ದವನ್ನೂ ಹಾಗೆಯೇ, ಪೂರ್ತಿ ಒತ್ತಿ ಹಿಡಿದೇ ನೋಡಬೇಕು.

ಕೇಬಲ್ ಎಳೆಯುವುದಕ್ಕೆ ಒಂದು ಇಡೀ ಸಂಜೆ ಹೋಯಿತು. ನನ್ನ ಫ್ರೇಮಿನ ಒಳಗೆ ಕೇಬಲ್‌ಗೆ ದಾರಿ ತೋರಿಸುವ ಕೊಳವೆ ಇರಲಿಲ್ಲ. ಹೊಲಿಗೆ ದಾರಕ್ಕೆ ಸ್ಪಂಜಿನ ಸಣ್ಣ ಚೂರು ಕಟ್ಟಿ ಒಂದು ತೂತಿನಲ್ಲಿ ಬಿಟ್ಟೆ. ಇನ್ನೊಂದು ತೂತಿಗೆ ಹೆಂಡತಿ ವ್ಯಾಕ್ಯೂಮ್ ಕ್ಲೀನರ್ ಹಿಡಿದಳು. ದಾರ ಆ ಕಡೆ ಬಂದ ಮೇಲೆ ಅದರ ಬಾಲಕ್ಕೆ ಕೇಬಲ್ ಕಟ್ಟಿ ಎಳೆದೆ. ಒಳಗೆ ಕೇಬಲ್ ಬಡಿದು ಸದ್ದು ಮಾಡದಂತೆ ಸ್ಪಂಜಿನ ಕವಚ ಹಾಕುವುದು ಒಳ್ಳೆಯದು. ಫೋರ್ಕಿನ ಕೊಳವೆ ಕತ್ತರಿಸುವಾಗ ಮಾತ್ರ ಆತುರ ಪಡಬೇಡಿ. ನಾನು ಬೇಕಾದ್ದಕ್ಕಿಂತ 10 ಮಿಮೀ ಹೆಚ್ಚು ಬಿಟ್ಟು, ಹ್ಯಾಂಡಲನ್ನು ಫೋರ್ಕಿಗೆ ಹಿಡಿಸುವ ಸ್ಟೆಮ್ ಮೇಲೆ ಸ್ಪೇಸರ್ ಹಾಕಿಕೊಂಡೆ. ಎರಡು ತಿಂಗಳು ಓಡಿಸಿ ಹ್ಯಾಂಡಲ್ ಎತ್ತರ ಸರಿ ಅನ್ನಿಸಿದ ಮೇಲೆಯೇ ಉಳಿದದ್ದನ್ನು ಕತ್ತರಿಸಿದೆ.

ಈಗ ಬಿಗಿ ಮಾಡುವ ವಿಷಯ. ಕಾರ್ಬನ್ ನಾರು ಎಳೆತವನ್ನು ಚೆನ್ನಾಗಿ ತಡೆಯುತ್ತದೆ. ಒಂದೇ ಜಾಗದಲ್ಲಿ ಹಿಂಡಿದರೆ, ಹೊಡೆತ ಬಿದ್ದರೆ ತಡೆಯುವುದಿಲ್ಲ. ಉಕ್ಕು ಮೊದಲು ಬಾಗಿ ಸೂಚನೆ ಕೊಡುತ್ತದೆ. ಕಾರ್ಬನ್ ಬಾಗದೆ ಬಿರುಕು ಬಿಡುತ್ತದೆ, ಆ ಬಿರುಕು ಪೇಂಟಿನ ಅಡಿಯಲ್ಲಿ ಕಾಣದೆಯೂ ಇರಬಹುದು. ಅದಕ್ಕೇ ನಾನು ಶಾಕ್‌ಗಿಂತ ಮೊದಲು ಕೊಂಡದ್ದು ಟಾರ್ಕ್ ರೆಂಚ್, ಅಂದರೆ ಬೇಕಾದಷ್ಟು ಬಿಗಿಯಾದಾಗ ಟಕ್ ಅನ್ನುವ ಪಾನಾ. ಸ್ಟೆಮ್ ಬೋಲ್ಟಿಗೆ 5 ನ್ಯೂಟನ್ ಮೀಟರ್, ಸೀಟ್‌ಪೋಸ್ಟ್ ಕ್ಲಾಂಪಿಗೆ 5, ಪೆಡಲಿನ ತೋಳಿನ, ಅಂದರೆ ಕ್ರ್ಯಾಂಕಿನ, ಬೋಲ್ಟಿಗೆ 12ರಿಂದ 14, ಹಿಂದಿನ ಹಲ್ಲುಚಕ್ರಗಳ ಗುಂಪಾದ ಕ್ಯಾಸೆಟ್ಟಿಗೆ 40. ಫ್ರೇಮಿನ ಹಿಂಭಾಗ ಆಡುವ ಕೀಲುಗಳ, ಅಂದರೆ ಪಿವಟ್‌ಗಳ, ಬೋಲ್ಟುಗಳಿಗೆ ಫ್ರೇಮಿನವರು ಹೇಳಿದ್ದೇ ಸರಿ, ಅದು ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತದೆ. ಐದು ನ್ಯೂಟನ್ ಮೀಟರ್ ಅಂದರೆ ಎಷ್ಟು ಕಡಿಮೆ ಅಂತ ರೆಂಚ್ ಟಕ್ ಅಂದಾಗಲೇ ತಿಳಿದದ್ದು. ನನ್ನ ಕೈಗೆ ಆಗಿನ್ನೂ ಬಿಗಿಯೇ ಆಗಿರಲಿಲ್ಲ.

ಆದರೂ ಹಳೆಯ ಅಭ್ಯಾಸ ಒಂದು ಸಲ ಗೆದ್ದಿತು. ಕೂತಾಗ ಸೀಟ್‌ಪೋಸ್ಟ್ ಸ್ವಲ್ಪ ಕೆಳಗೆ ಜಾರುತ್ತಿತ್ತು. ಆಲನ್ ಕೀ ಹಾಕಿ ಇನ್ನೊಂದಿಷ್ಟು ತಿರುಗಿಸಿದೆ. ಜಾರುವುದು ನಿಂತಿತು. ಅದರ ಜೊತೆಗೆ ಡ್ರಾಪರ್ ಮೇಲೆ ಬರುವುದೂ ನಿಧಾನವಾಯಿತು. ಕ್ಲಾಂಪು ಡ್ರಾಪರಿನ ಹೊರ ಕೊಳವೆಯನ್ನೇ ಹಿಂಡಿ, ಒಳಗಿನದನ್ನು ಸಲೀಸಾಗಿ ಆಡಲು ಬಿಡುತ್ತಿರಲಿಲ್ಲ. ಅದಕ್ಕಿರುವ ಪರಿಹಾರ ಮರಳಿನಂಥ ಕಣ ಇರುವ ಕಾರ್ಬನ್ ಪೇಸ್ಟ್. ಅದನ್ನು ತೆಳ್ಳಗೆ ಸವರಿ ಮತ್ತೆ 5ಕ್ಕೇ ಬಿಗಿ ಮಾಡಿದೆ. ಜಾರಲಿಲ್ಲ, ಡ್ರಾಪರ್ ಕೂಡ ಮೊದಲಿನಂತೆ ಚಿಮ್ಮಿತು. ಹಾಂ, ಸೈಕಲ್ಲನ್ನು ರಿಪೇರಿ ಸ್ಟ್ಯಾಂಡಿಗೆ ಸಿಕ್ಕಿಸುವಾಗಲೂ ಸೀಟ್‌ಪೋಸ್ಟನ್ನೇ ಹಿಡಿಸಿ. ಫ್ರೇಮಿನ ಕೊಳವೆಗೆ ಆ ದವಡೆ ತಾಗಲೇಬಾರದು.

ಎಲ್ಲ ಸೇರಿ 14 ಕೆಜಿ ಬಂತು. ಮೊದಲ ಓಟ ಯಲಹಂಕದಾಚೆ, ದೊಡ್ಡಬಳ್ಳಾಪುರ ರಸ್ತೆ ಕಡೆಯ ಆವಲಹಳ್ಳಿ ಕಾಡಿನಲ್ಲಿ. ನಾನು ಕೂತಾಗ ಶಾಕ್ ತನ್ನ 50ರಲ್ಲಿ 15 ಮಿಮೀ ಇಳಿಯುವಂತೆ ಗಾಳಿ ತುಂಬಿದ್ದೆ. ದೇಹದ ತೂಕ ಪೌಂಡಿನಲ್ಲಿ ಎಷ್ಟೋ ಅಷ್ಟು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ನಿಂದ ಶುರುಮಾಡಿದರೆ ಸಾಮಾನ್ಯವಾಗಿ ಹತ್ತಿರ ಬರುತ್ತದೆ. 72 ಕೆಜಿಯ ನನಗೆ 165 ಸರಿಹೋಯಿತು. ಟೈರು ಟ್ಯೂಬ್‌ಲೆಸ್, ಮುಂದೆ 21, ಹಿಂದೆ 24 ಪಿಎಸ್‌ಐ. ಜಾಲಿ ಮುಳ್ಳಿನ ನಾಡಿನಲ್ಲಿ ಟೈರಿನೊಳಗೆ ತೂತು ಮುಚ್ಚುವ ದ್ರವ, ಅಂದರೆ ಸೀಲೆಂಟ್, ಇಲ್ಲದೆ ಹೊರಡಲೇಬೇಡಿ. ಹಾರ್ಡ್‌ಟೇಲಿನಲ್ಲಿ ನಾನು ಎದ್ದು ನಿಂತು ದಾಟುತ್ತಿದ್ದ ಬೇರುಗಳ ಮೇಲೆ ಕೂತೇ ಪೆಡಲ್ ತುಳಿದೆ. ಹಿಂದಿನ ಚಕ್ರ ಜಿಗಿಯದೆ ನೆಲ ಹಿಡಿದೇ ಹತ್ತಿತು. ಇಳಿಯುವಾಗ ಖುಷಿಯಾಗುತ್ತದೆ ಅಂತ ಎಲ್ಲರೂ ಹೇಳಿದ್ದರು. ಹತ್ತುವಾಗ ಇಷ್ಟು ಸಹಾಯ ಆಗುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಮಳೆಗಾಲದಲ್ಲಿ ಸಕಲೇಶಪುರದ ಹತ್ತಿರ, ನೆಂಟರ ಕಾಫಿ ತೋಟದ ದಾರಿಗಳಲ್ಲಿ ನಾಲ್ಕು ದಿನ ಓಡಿಸಿದೆ. ವಾಪಸ್ ಬಂದ ವಾರಕ್ಕೇ ಕಿರ್ ಕಿರ್ ಶುರುವಾಯಿತು. ಸದ್ದು ಬಾಟಮ್ ಬ್ರಾಕೆಟ್‌ನಿಂದ ಬಂದ ಹಾಗಿತ್ತು. ಬಿಚ್ಚಿ, ಒರೆಸಿ, ಗ್ರೀಸ್ ಹಾಕಿದೆ. ಹೋಗಲಿಲ್ಲ. ಎದೆ ಢವಗುಟ್ಟಿತು, ಕಾರ್ಬನ್ ಬಿರುಕು ಬಿಟ್ಟಿದೆಯೇನೋ ಅಂತ. ಟಾರ್ಚ್ ಹಿಡಿದು ಒಂದೊಂದು ಇಂಚೂ ನೋಡಿದೆ, ನಾಣ್ಯದಿಂದ ತಟ್ಟಿ ಕೇಳಿದೆ. ಏನೂ ಸಿಗಲಿಲ್ಲ. ಕೊನೆಗೆ ಮಾವನಿಗೆ ಫೋನ್ ಮಾಡಿದೆ.

ಅವರು ಇಂಥ ಸೈಕಲ್ ಮುಟ್ಟಿದವರೇ ಅಲ್ಲ. ಆದರೂ ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ. "ತುಳಿಯದೆ ಸುಮ್ನೆ ಕೂತು ಕುಲುಕಿದ್ರೆ ಬರುತ್ತೇನೋ?"

"ನೋಡಿಲ್ಲ ಮಾವ."

"ನೋಡು ಮೊದ್ಲು. ಪೈಪು ಟೊಳ್ಳು ಕಣೋ, ಸದ್ದು ಓಡಾಡುತ್ತೆ. ಕಿವಿ ನಂಬ್ಬೇಡ. ಒಂದೊಂದೇ ಬಿಟ್ಟು ನೋಡು."

ನಿಂತು ತುಳಿದೆ, ಬಂತು. ಹಾಗಾದರೆ ಸೀಟಿನದ್ದಲ್ಲ. ತುಳಿಯದೆ ಕುಲುಕಿದೆ, ಆಗಲೂ ಬಂತು. ಹಾಗಾದರೆ ಪೆಡಲು, ಕ್ರ್ಯಾಂಕಿನದ್ದೂ ಅಲ್ಲ. ಶಾಕ್‌ನ ಒಂದು ಬೋಲ್ಟ್ ತೆಗೆದು ಹಿಂಭಾಗವನ್ನು ಕೈಯಲ್ಲೇ ಮೇಲೆ ಕೆಳಗೆ ಆಡಿಸಿದೆ. ಬೆಣ್ಣೆಯಂತೆ ಆಡಬೇಕಾದದ್ದು ಮರಳು ಅರೆದಂತೆ ಆಡಿತು. ಮುಖ್ಯ ಪಿವಟ್‌ನ ಬೇರಿಂಗ್ ಒಳಗೆ ನೀರು ಹೋಗಿ ತುಕ್ಕು ಹಿಡಿದಿತ್ತು. ಈ ಬೇರಿಂಗುಗಳು ಯಾವತ್ತೂ ಪೂರ್ತಿ ಸುತ್ತುವುದಿಲ್ಲ, ಒಂದೇ ಜಾಗದಲ್ಲಿ ಸ್ವಲ್ಪ ಸ್ವಲ್ಪ ಆಡುತ್ತವೆ. ಗ್ರೀಸ್ ಹರಡುವುದಿಲ್ಲ, ಅದಕ್ಕೇ ಬೇಗ ಕೆಡುತ್ತವೆ.

ಬೇರಿಂಗ್ ಮೇಲೆ 6902 ಅಂತ ಬರೆದಿತ್ತು. ಒಳಗೆ 15, ಹೊರಗೆ 28, ದಪ್ಪ 7 ಮಿಮೀ. ಸೈಕಲ್ ಅಂಗಡಿಯೇ ಬೇಕಿಲ್ಲ, ಎಸ್‌ಜೆಪಿ ರಸ್ತೆಯ ಬೇರಿಂಗ್ ಅಂಗಡಿಯಲ್ಲಿ ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನು ಕೇಳಿ ತಂದೆ. ಕಾರ್ಬನ್‌ನಲ್ಲಿ ಸುತ್ತಿಗೆ ಹಿಡಿಯುವಂತಿಲ್ಲ. ಉದ್ದನೆಯ ಮರೆ ಇರುವ ರಾಡು, ಎರಡು ನಟ್ಟು, ವಾಷರ್, ಹಳೆಯ ಬೇರಿಂಗ್ ಇಟ್ಟುಕೊಂಡು ನಿಧಾನವಾಗಿ ಒತ್ತಿ ಕೂರಿಸಿದೆ. ಬೇರಿಂಗಿನ ಹೊರಗಿನ ಉಂಗುರದ ಮೇಲೆ ಮಾತ್ರ ಒತ್ತಡ ಬೀಳಬೇಕು.

ಮಾರನೆಯ ಭಾನುವಾರ ಆವಲಹಳ್ಳಿಯಲ್ಲಿ ಎರಡು ಗಂಟೆ ಓಡಿಸಿದೆ. ಟೈರಿನ ಸದ್ದು, ಹಿಂದಿನ ಚಕ್ರದ ಫ್ರೀಹಬ್ಬಿನ ಟಿಕ್ ಟಿಕ್ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಮನೆಗೆ ಬಂದು ಮಾವನಿಗೆ ಫೋನ್ ಮಾಡಿ ಹೇಳಿದೆ. "ಇನ್ನೊಂದು ಕಡೇದನ್ನೂ ಹಾಕು, ಅದೂ ಅದೇ ನೀರು ಕುಡಿದಿರುತ್ತೆ" ಅಂದರು. ತಂದಿಟ್ಟಿದ್ದೇನೆ, ಈ ಶನಿವಾರ ಹಾಕಬೇಕು.