ಸ್ಪ್ರೇ ಡಬ್ಬಿ ಹಿಡಿದು ಕೋವಿಗೆ ಬಣ್ಣ ಹೊಡೆದ ನನ್ನ ಅನುಭವ

ನನ್ನ ಹತ್ತಿರ ಇರುವುದು ಅಪ್ಪನ ಕಾಲದ ಒಂಟಿ ನಳಿಗೆಯ ಕೋವಿ. ಮಡಚಿ ತೋಟಾ ತುಂಬುವ ಥರದ್ದು. ಕೆಲಸ ಚೆನ್ನಾಗಿಯೇ ಮಾಡುತ್ತದೆ. ಆದರೆ ನಳಿಗೆಯ ನೀಲಿಗಪ್ಪು ಮೆರುಗು ಕೈ ತಾಗುವ ಕಡೆಯೆಲ್ಲ ಸವೆದು ಹೋಗಿತ್ತು. ಒಂದು ಮಳೆಗಾಲ ಬಂದರೆ ಸಾಕು, ಅಲ್ಲೆಲ್ಲ ತುಕ್ಕು. ಅಪರೂಪದ ಹಳೆಯ ಕೋವಿ ಆಗಿದ್ದರೆ ನಾನು ಬಣ್ಣ ಮುಟ್ಟಿಸುತ್ತಲೇ ಇರಲಿಲ್ಲ, ಅಂಥದಕ್ಕೆ ಮೂಲ ಮೆರುಗೇ ಬೆಲೆ. ಇದು ದಿನಬಳಕೆಯದು. ಹಾಗಾಗಿ ಮಾಮೂಲಿ ಸ್ಪ್ರೇ ಡಬ್ಬಿಯಲ್ಲೇ ಮಾಡೋಣ ಅಂತ ಕೂತೆ.

ಮೊದಲನೇ ಸಲ ಕೆಟ್ಟಿತು. ಬಟ್ಟೆಗೆ ಎಣ್ಣೆ ಜಿಡ್ಡು ಕರಗಿಸುವ ಅಸಿಟೋನ್ ಹಾಕಿ ಒಂದು ಸಲ ಒರೆಸಿದೆ, ಬಣ್ಣ ಹೊಡೆದೆ. ಹತ್ತು ನಿಮಿಷಕ್ಕೆ ನಳಿಗೆಯ ಬುಡದಲ್ಲಿ ಬಟಾಣಿ ಗಾತ್ರದ ಬೋಳು ವೃತ್ತಗಳು ಎದ್ದವು. ನಡುವೆ ಬರೀ ಕಬ್ಬಿಣ, ಸುತ್ತ ಬಣ್ಣದ ದಪ್ಪ ಅಂಚು. ಸಂದುಗಳಲ್ಲಿ, ಸ್ಕ್ರೂ ತೂತುಗಳಲ್ಲಿ ಅವಿತಿದ್ದ ಎಣ್ಣೆ ಮೆಲ್ಲಗೆ ಹೊರಗೆ ಬಂದಿತ್ತು. ಇನ್ನೊಂದು ಕಡೆ ನನ್ನ ಹೆಬ್ಬೆರಳಿನ ಗುರುತು ಬಣ್ಣದ ಅಡಿಯಲ್ಲಿ ಗೆರೆ ಗೆರೆಯಾಗಿ ಕಾಣುತ್ತಿತ್ತು. ಎಲ್ಲ ಕೆರೆದು ತೆಗೆದೆ.

ಎರಡನೇ ಸಲ ಪೂರ್ತಿ ಎರಡು ದಿನ ತೊಳೆಯುವುದಕ್ಕೇ ಹೋಯಿತು. ಮೊದಲ ಕೆಲಸ, ಕೋವಿ ಮಡಚಿ ತೋಟಾ ಇಲ್ಲ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿಯೂ ನೋಡುವುದು. ಆಮೇಲೆ ನಳಿಗೆ, ಮರದ ಹಿಡಿ, ನಳಿಗೆಯ ಅಡಿಯ ಮರದ ತುಂಡು ಎಲ್ಲ ಬಿಚ್ಚಿಟ್ಟೆ. ಅಸಿಟೋನ್ ಹಾಕಿ ಒರೆಸುವುದು, ಹೇರ್ ಡ್ರೈಯರ್‌ನಿಂದ ಬಿಸಿ ಮಾಡುವುದು, ಬಿಸಿಗೆ ಸಂದಿನಿಂದ ಎಣ್ಣೆ ಜಿನುಗಿದರೆ ಮತ್ತೆ ಒರೆಸುವುದು. ಬಿಳಿ ಬಟ್ಟೆಗೆ ಕಲೆ ಹತ್ತುವುದು ನಿಲ್ಲುವ ತನಕ ಇದೇ. ಅಸಿಟೋನ್ ಆರಿದ ಮೇಲೆಯೇ ಡ್ರೈಯರ್ ಹಚ್ಚಿ, ಅದರ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ನಡುವೆ 320ರ ಸ್ಯಾಂಡ್‌ಪೇಪರ್‌ನಿಂದ ತುಕ್ಕು ತೆಗೆದು, ಹೊಳಪು ಹೋಗುವಷ್ಟು ಉಜ್ಜಿದೆ. ನುಣ್ಣಗಿರುವ ಕಬ್ಬಿಣಕ್ಕೆ ಬಣ್ಣ ಹಿಡಿಯುವುದಿಲ್ಲ. ಕೊನೆಯ ಸಲ ಒರೆಸಿದ ಮೇಲೆ ಗ್ಲೌಸ್ ಇಲ್ಲದೆ ಮುಟ್ಟಲಿಲ್ಲ.

ಟೇಪ್ ಅಂಟಿಸುವಾಗ ಅವಸರ ಬೇಡ. ನಳಿಗೆಯ ಎರಡೂ ಬಾಯಿ, ತೋಟಾ ಕೂರುವ ಜಾಗ, ಗುರಿ ನೋಡುವ ಸಣ್ಣ ಮಣಿ, ಟ್ರಿಗರ್ ಭಾಗ, ಮಡಚುವ ಕೊಕ್ಕೆ, ನಳಿಗೆಯ ಹಿಂಬದಿ ಒತ್ತಿ ಕೂರುವ ಮುಖ, ಇವೆಲ್ಲ ಮುಚ್ಚಿದೆ. ಉಜ್ಜಾಡುವ ಕಡೆ ಬಣ್ಣದ ಒಂದು ಪದರ ಕೂತರೂ ಕೋವಿ ಸರಿಯಾಗಿ ಮುಚ್ಚುವುದಿಲ್ಲ. ಕ್ರಮಸಂಖ್ಯೆಯ ಮೇಲೂ ಟೇಪ್ ಹಾಕಿದೆ. ಅದನ್ನು ಉಜ್ಜಲೂ ಇಲ್ಲ, ಬಣ್ಣದಿಂದ ಮುಚ್ಚಲೂ ಇಲ್ಲ. ಆ ಅಂಕಿ ಅಳಿಸಿದರೆ ಎಷ್ಟೋ ದೇಶಗಳಲ್ಲಿ ಅಪರಾಧ.

ಆಯ್ದದ್ದು ಲೋಹಕ್ಕೆ ಕಚ್ಚಿ ಹಿಡಿಯುವ ಪ್ರೈಮರ್, ಅದರ ಮೇಲೆ ಇಂಜಿನ್‌ಗೆ ಹೊಡೆಯುವ ಮ್ಯಾಟ್ ಕಪ್ಪು. ಹೊಳೆಯುವ ಬಣ್ಣ ನನಗೆ ಹಿಡಿಸಲ್ಲ, ಸಣ್ಣ ಗೀರು ಬಿದ್ದರೂ ಎದ್ದು ಕಾಣುತ್ತದೆ. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ಚೆನ್ನಾಗಿ ಅಲ್ಲಾಡಿಸಿದೆ. ನಳಿಗೆಯನ್ನು ತಂತಿಗೆ ತೂಗುಹಾಕಿ, ಒಂದು ಗೇಣು ದೂರದಿಂದ ಹೊಡೆದೆ. ಡಬ್ಬಿ ಒತ್ತುವುದು ನಳಿಗೆಯ ಒಂದು ತುದಿಯ ಆಚೆಯೇ ಶುರುವಾಗಬೇಕು, ಇನ್ನೊಂದು ತುದಿ ದಾಟಿದ ಮೇಲೆಯೇ ನಿಲ್ಲಬೇಕು. ಮೊದಲ ಪದರ ಎಷ್ಟು ತೆಳು ಅಂದ್ರೆ ಕೆಳಗಿನ ಪ್ರೈಮರ್ ಕಾಣುತ್ತಲೇ ಇತ್ತು. ಹದಿನೈದು ನಿಮಿಷ ಬಿಟ್ಟು ಇನ್ನೊಂದು, ಮತ್ತೆ ಇನ್ನೊಂದು. ಒಂದೇ ಸಲಕ್ಕೆ ಮುಚ್ಚೋಣ ಅಂತ ಹೋದರೆ ಬಣ್ಣ ಸೋರಿ ಕಣ್ಣೀರಿನಂತೆ ಇಳಿಯುತ್ತದೆ. ಬಯಲಲ್ಲಿ, ಮಾಸ್ಕ್ ಹಾಕಿಕೊಂಡೇ ಮಾಡಿ. ಮಳೆ, ತೇವ ಇರುವ ದಿನ ಬೇಡವೇ ಬೇಡ.

ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಅದು ಗಟ್ಟಿಯಾಗಿಲ್ಲ. ಒಂದು ವಾರ ಸುಮ್ನೆ ನೇತುಹಾಕಿದ್ದೆ. ಅಡುಗೆಯ ಓವನ್‌ನಲ್ಲಿಟ್ಟು ಸುಡುವ ಆಸೆ ಬೇಡ, ಅದರ ಹೊಗೆ ಊಟದ ಪಾತ್ರೆಗಳಿಗೆ ಹತ್ತಬಾರದು. ಮರದ ಹಿಡಿಗೆ ಬಣ್ಣ ಹೊಡೆಯಲು ಮನಸ್ಸು ಬರಲಿಲ್ಲ, ಅಗಸೆ ಎಣ್ಣೆ ತಿಕ್ಕಿದೆ.

ಈಗ ವರ್ಷವಾಯಿತು. ನಳಿಗೆ ಶುಚಿ ಮಾಡುವ ದ್ರಾವಣ ಈ ಬಣ್ಣವನ್ನು ಮೆತ್ತಗೆ ಮಾಡುತ್ತದೆ, ಅದಕ್ಕೆ ನಳಿಗೆಯ ಬಾಯಿಯ ಸುತ್ತ ಬಟ್ಟೆ ಸುತ್ತಿಯೇ ಒಳಗೆ ಒರೆಸುತ್ತೇನೆ. ಬಾಯಿಯ ಅಂಚಿನಲ್ಲಿ ಉಗುರಿನಷ್ಟು ಕಿತ್ತಿತ್ತು. ಡಬ್ಬಿಯ ಮುಚ್ಚಳಕ್ಕೆ ಸ್ವಲ್ಪ ಬಣ್ಣ ಹೊಡೆದುಕೊಂಡು, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಹಚ್ಚಿದೆ. ಎಲ್ಲಿ ಹಚ್ಚಿದ್ದು ಅಂತ ಈಗ ನಾನೇ ಹುಡುಕಬೇಕು.