ಗಂಟೆಗೆ 80 ಪೀಸ್

ನಾನು ಗಾರ್ಮೆಂಟ್ಸ್‌ಗೆ ಸೇರಿದ್ದು ಹೆಲ್ಪರ್ ಆಗಿ. ದಾರ ಕತ್ತರಿಸೋದು, ಬಂಡಲ್ ಹೊರೋದು. ಆಮೇಲೆ ಟೈಲರ್ ಆದೆ. 2017ರಲ್ಲಿ ಸೂಪರ್‌ವೈಸರ್ ಮಾಡಿದರು. ಬೆಂಗಳೂರಿನ ಪೀಣ್ಯ ಕಡೆಯ ಫ್ಯಾಕ್ಟರಿ, ಹೆಸರು ಬೇಡ. ನನ್ನ ಲೈನ್‌ನಲ್ಲಿ 40 ಟೈಲರ್‌ಗಳು, ಆರು ಜನ ಹೆಲ್ಪರ್‌ಗಳು. ಹೊಲಿಯುತ್ತಿದ್ದದ್ದು ಗಂಡಸರ ತುಂಬು ತೋಳಿನ ಶರ್ಟ್. ಟಾರ್ಗೆಟ್ ಗಂಟೆಗೆ 80 ಪೀಸ್. ಬರುತ್ತಿದ್ದದ್ದು 50. ಚೆನ್ನಾಗಿ ಹೋದ ದಿನ 54.

ಲೈನ್ ಕೊನೆಯಲ್ಲಿ ಒಂದು ಬೋರ್ಡ್ ಇರುತ್ತದೆ. ಪ್ರತಿ ಗಂಟೆಗೂ ಎಷ್ಟು ಪೀಸ್ ಬಂತು ಅಂತ ಅದರ ಮೇಲೆ ಬರೆಯಬೇಕು. ಅದನ್ನು ನೋಡಿ ಪ್ರೊಡಕ್ಷನ್ ಮ್ಯಾನೇಜರ್ ಫ್ಲೋರ್ ಇನ್‌ಚಾರ್ಜ್‌ಗೆ ಕೂಗುತ್ತಿದ್ದರು. ಅವರು ನನಗೆ. ನಾನು ಟೈಲರ್‌ಗಳಿಗೆ. ಟೈಲರ್‌ಗಳು ಹೆಲ್ಪರ್‌ಗಳಿಗೆ. ಹೆಲ್ಪರ್ ಹುಡುಗಿಯ ಕೆಳಗೆ ಯಾರೂ ಇಲ್ಲವಲ್ಲ, ಅವಳು ಸಂಜೆ ಮನೆಗೆ ಹೋಗಿ ಮಗುವಿಗೆ ಎರಡು ಬಿಡುತ್ತಿದ್ದಳೋ ಏನೋ.

ನನ್ನ ಕಥೆಯೂ ಚೆನ್ನಾಗೇನೂ ಇರಲಿಲ್ಲ. ಭಾನುವಾರ ಸಂಜೆ ಆದರೆ ಹೊಟ್ಟೆಯಲ್ಲಿ ಸಂಕಟ ಶುರು. ಕನಸಿನಲ್ಲೂ ಬೋರ್ಡ್. ಊಟ ಐದು ನಿಮಿಷದಲ್ಲಿ ಮುಗಿಯುತ್ತಿತ್ತು, ಎದೆಯುರಿ ಮಾತ್ರ ಸಂಜೆವರೆಗೂ ಇರುತ್ತಿತ್ತು. ಸೂಪರ್‌ವೈಸರ್ ಅಂದರೆ ಹೀಗೇ ಇರಬೇಕು ಅಂದುಕೊಂಡಿದ್ದೆ. ನನಗೆ ಕೆಲಸ ಕಲಿಸಿದವರೂ ಹಾಗೇ ಇದ್ದರು.

2018ರಲ್ಲಿ ಒಂದು ದಿನ ಸೈಡ್ ಸೀಮ್, ಅಂದರೆ ಶರ್ಟಿನ ಪಕ್ಕದ ಹೊಲಿಗೆ ಹಾಕುವ ಮಂಡ್ಯ ಕಡೆ ಹುಡುಗಿಯ ಮೆಷಿನ್ ಮೇಲೆ ಬಂಡಲ್ ಎಸೆದೆ. "ಮನೇಲಿ ಹೋಗಿ ಮಲ್ಕೋ" ಅಂದೆ. ಅವಳು ಅಳಲಿಲ್ಲ. ಆ ಬಂಡಲ್ ಪೂರ್ತಿ ಹೊಲಿದಳು, ಗಂಟು ಕಟ್ಟಿ ಮುಂದಕ್ಕೆ ಕೊಟ್ಟಳು. ಮಾರನೇ ದಿನ ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಎರಡು ತಿಂಗಳು ಕಳೆದು ಪಿಎಫ್ ಫಾರಂಗೆ ಸೈನ್ ಹಾಕಿಸಲು ಬಂದಾಗ ಗೇಟ್ ಹತ್ತಿರ ಸಿಕ್ಕಳು. ನನ್ನನ್ನು ನೋಡಿ ತಲೆ ತಗ್ಗಿಸಿದಳು. ತಗ್ಗಿಸಬೇಕಾದವಳು ನಾನು.

ಗಾರ್ಮೆಂಟ್ಸ್ ಹೆಂಗಸರು ಎಷ್ಟು ನುಂಗಿಕೊಂಡಿರುತ್ತಾರೆ ಅನ್ನೋದು ನನಗೆ ಗೊತ್ತಿರಬೇಕಿತ್ತು. 2016ರ ಏಪ್ರಿಲ್ 18 ಮತ್ತು 19ರಂದು ಪಿಎಫ್ ನಿಯಮ ಬದಲಾಯಿಸಿದ್ದಕ್ಕೆ ಬೆಂಗಳೂರಿನ ರಸ್ತೆಗಳಿಗೆ ಸಾವಿರಾರು ಹೆಂಗಸರು ಇಳಿದರಲ್ಲ, ಆಗ ನಾನೂ ಟೈಲರ್. ಮಾಲೀಕರ ಪಾಲಿನ ಪಿಎಫ್ ದುಡ್ಡು 58 ವರ್ಷದವರೆಗೂ ತೆಗೆಯುವ ಹಾಗಿಲ್ಲ ಅಂದಿದ್ದರು. ಕೇಂದ್ರ ಸರ್ಕಾರ 19ನೇ ತಾರೀಕೇ ಅದನ್ನು ವಾಪಸ್ ತೆಗೆದುಕೊಂಡಿತು. ವರ್ಷಗಟ್ಟಲೆ ಬಾಯಿ ಬಿಡದ ಅಕ್ಕಂದಿರು ಅವತ್ತು ಕೂಗಿದ್ದನ್ನು ಕೇಳಿದವಳು ನಾನು. ಎರಡು ವರ್ಷ ಕಳೆಯುವಷ್ಟರಲ್ಲಿ ಮರೆತಿದ್ದೆ.

ಆ ಹುಡುಗಿ ಬಿಟ್ಟಮೇಲೆ ಇನ್ನೂ ಮೂವರು ಬಿಟ್ಟರು. ಎಚ್‌ಆರ್‌ನವರಿಗೆ ಚಿಂತೆಯಾಯಿತು. ಕ್ಯಾಂಟೀನ್‌ನಲ್ಲಿ ಉಸಿರಾಟದ ಕ್ಲಾಸ್ ಇಟ್ಟರು, 20 ನಿಮಿಷ. ಉಸಿರು ಎಳೆದುಕೊಳ್ಳಿ ಅಂದರು, ಎಳೆದುಕೊಂಡೆವು. ಬಿಡಿ ಅಂದರು, ಬಿಟ್ಟೆವು. ಕೆಳಗೆ ಬಂದರೆ ಬೋರ್ಡ್ ಮೇಲೆ ಆ 20 ನಿಮಿಷದ ಪೀಸುಗಳು ಸಾಲವಾಗಿ ಕೂತಿದ್ದವು! ಟಾರ್ಗೆಟ್ ಯಾರೂ ಇಳಿಸಿರಲಿಲ್ಲ. ಉಸಿರಾಟದ ತಪ್ಪೇನಿಲ್ಲ ಬಿಡಿ, ನನಗೆ ಈಗಲೂ ರಾತ್ರಿ ಅದು ಬೇಕು. ದೂರು ಹಾಕಲು ಒಂದು ಡಬ್ಬಿಯನ್ನೂ ಇಟ್ಟರು. ಸರಿಯಾಗಿ ಸಿಸಿಟಿವಿ ಕೆಳಗೆ. ಅದರೊಳಗೆ ಬಿದ್ದದ್ದು ಒಂದು ಚಾಕಲೇಟ್ ಕಾಗದ ಮಾತ್ರ.

ನಿಜವಾಗಿ ದಾರಿ ತೋರಿಸಿದ್ದು ಒಂದು ಸ್ಟಾಪ್‌ವಾಚ್. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಯುವ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಒಬ್ಬ ಹೊಸ ಹುಡುಗ ಇದ್ದ. ಅವನನ್ನು ಕಾಡಿಬೇಡಿ ಒಂದು ಗಂಟೆ ಕರೆದುಕೊಂಡು ಬಂದೆ. ಕಾಲರ್ ಕೂರಿಸುವ ಅಕ್ಕನ ಮೆಷಿನ್ ಪಕ್ಕ ಇಬ್ಬರೂ ನಿಂತೆವು. ಲೈನ್‌ನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದು ಕಡಿಮೆ. ಕಾಲರ್ ಅಕ್ಕ, ಕಫ್ ಅಕ್ಕ, ಪಾಕೆಟ್ ಹುಡುಗಿ, ಹಾಗೆ. ಕಾಲರ್ ಅಕ್ಕನಿಗೆ ಒಂದು ಪೀಸ್‌ಗೆ ಸರಾಸರಿ 65 ಸೆಕೆಂಡ್ ಹಿಡಿಯುತ್ತಿತ್ತು. ಗಂಟೆಗೆ 3600 ಸೆಕೆಂಡ್. ಭಾಗಿಸಿ ನೋಡಿ. 55 ಪೀಸ್.

ಅಂದರೆ ಉಳಿದ 39 ಜನ ಮೆಷಿನ್ ಮುರಿದು ಹೋಗುವ ಹಾಗೆ ಹೊಲಿದರೂ ನನ್ನ ಲೈನ್‌ನಿಂದ 55ಕ್ಕಿಂತ ಜಾಸ್ತಿ ಶರ್ಟ್ ಆಚೆ ಬರೋ ಹಾಗೇ ಇರಲಿಲ್ಲ. ಕಾಲರ್ ಅಕ್ಕನ ಹಿಂದೆ ಬಂಡಲ್ ಗುಡ್ಡೆ. ಮುಂದಿನವರ ಕೈ ಖಾಲಿ. ನಾನು ಕೂಗುತ್ತಿದ್ದದ್ದು ಯಾರಿಗೆ? ಆ ಖಾಲಿ ಕೈಯವರಿಗೆ. ಬೋರ್ಡ್ ಅವರ ಹತ್ತಿರ ಇತ್ತು, ಅಷ್ಟೇ ಕಾರಣ. ಆ ಮಂಡ್ಯದ ಹುಡುಗಿ ಕೂರುತ್ತಿದ್ದದ್ದೂ ಅಲ್ಲೇ.

ಕಾಲರ್ ಅಕ್ಕನನ್ನು ಕೇಳಿದೆ, "ಅಕ್ಕಾ, ಇದರಲ್ಲಿ ಟೈಮ್ ಎಲ್ಲಿ ಹೋಗ್ತಿದೆ?" ಅವರು ನನ್ನನ್ನು ಒಂದು ಥರ ನೋಡಿದರು. ಹದಿನಾಲ್ಕು ವರ್ಷದ ಕೆಲಸದಲ್ಲಿ ಈ ಪ್ರಶ್ನೆ ಯಾರೂ ಕೇಳಿಲ್ಲವಂತೆ. "ಗುರುತು ಹಾಕೋದು ನಾನೇ, ಹೊಲಿಯೋದೂ ನಾನೇ. ಗುರುತು ಹಾಕಿಕೊಡು, ಆಮೇಲೆ ನೋಡು" ಅಂದರು. ಗುರುತು ಹಾಕುವ ಕೆಲಸ ಒಬ್ಬಳು ಹೆಲ್ಪರ್‌ಗೆ ಕೊಟ್ಟೆವು. 65 ಇದ್ದದ್ದು 52ಕ್ಕೆ ಬಂತು. ಪಾಕೆಟ್ ಹುಡುಗಿಗೆ ಅರ್ಧ ದಿನ ಬಿಡುವಿರುತ್ತಿತ್ತು, ಅವಳಿಗೂ ಕಾಲರ್ ಕಲಿಸಿದೆವು. ಆಮೇಲೆ ಅಡ್ಡ ಸಿಕ್ಕಿದ್ದು ಕಫ್, 50 ಸೆಕೆಂಡ್. ಅಲ್ಲಿಗೆ ಗಂಟೆಗೆ 72 ಅಂತ ನಿಂತಿತು. 80 ಮುಟ್ಟಲೇ ಇಲ್ಲ.

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮ್ಯಾನೇಜರ್ ಹತ್ತಿರ ಹೋದೆ. ಮೊದಲೆಲ್ಲಾ ಹೋದಾಗ "ಸರ್, ಹುಡುಗೀರು ತುಂಬಾ ಕಷ್ಟಪಡ್ತಿದ್ದಾರೆ" ಅನ್ನುತ್ತಿದ್ದೆ. ಅದಕ್ಕೆ ಅವರ ಉತ್ತರ ರೆಡಿ ಇರುತ್ತಿತ್ತು. ಈ ಸಲ ಸೆಕೆಂಡ್‌ಗಳನ್ನು ಮುಂದಿಟ್ಟೆ. ತುಂಬಾ ಹೊತ್ತು ನೋಡಿದರು. "ನಂಗೂ ಮೇಲಿಂದ ಬೀಳುತ್ತಮ್ಮ. ಶಿಪ್‌ಮೆಂಟ್ ತಪ್ಪಿದ್ರೆ ಹಡಗಲ್ಲಿ ಹೋಗಬೇಕಾದ ಮಾಲು ವಿಮಾನದಲ್ಲಿ ಹೋಗುತ್ತೆ, ಆ ಬಾಡಿಗೆ ನಮ್ಮ ತಲೆ ಮೇಲೆ" ಅಂದರು. ಅವರಿಗೆ ಬೈಯುವವರೂ ಇದ್ದಾರೆ ಅಂತ ಅವತ್ತೇ ನನಗೆ ಹೊಳೆದದ್ದು. ಈ ಸ್ಟೈಲ್‌ಗೆ 72 ಸಾಕು ಅಂದರು. ಹೊಸ ಸ್ಟೈಲ್ ಬಂದಾಗ ಮೊದಲ ಮೂರು ದಿನ ಟಾರ್ಗೆಟ್ ಕಡಿಮೆ ಇಡಲೂ ಒಪ್ಪಿದರು. ಬೈಗುಳ ನಿಲ್ಲಲಿಲ್ಲ, ಕಡಿಮೆಯಾಯಿತು.

ಇನ್ನೊಂದು ಟಾಯ್ಲೆಟ್ ಟೋಕನ್ ವಿಷಯ. ಹೇಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ನಿಜ. ಲೈನ್‌ಗೆ ಎರಡೇ ಟೋಕನ್. ಅದು ಕೈಯಲ್ಲಿದ್ದರೆ ಮಾತ್ರ ಎದ್ದು ಹೋಗಬಹುದು. ಹಾಗಾಗಿ ಹೆಂಗಸರು ನೀರೇ ಕುಡಿಯುತ್ತಿರಲಿಲ್ಲ. ಬೆಳಿಗ್ಗೆ ತುಂಬಿಸಿ ತಂದ ಬಾಟಲಿ ಸಂಜೆ ಹಾಗೇ ವಾಪಸ್ ಹೋಗುತ್ತಿತ್ತು. ಉರಿಮೂತ್ರ ಅಂತ ನರ್ಸ್ ಹತ್ತಿರ ಹೋಗುವವರಿಗೇನೂ ಕಮ್ಮಿ ಇರಲಿಲ್ಲ. ಒಂದು ವಾರ ನನ್ನ ಲೈನ್‌ನಲ್ಲಿ ಮಾತ್ರ ಟೋಕನ್ ಬೇಡ, ಪ್ರೊಡಕ್ಷನ್ ಬಿದ್ದರೆ ನಾನು ಜವಾಬ್ದಾರಿ ಅಂದೆ. ಎಲ್ಲಾ ಮೆಷಿನ್ ಗೊತ್ತಿರುವ ಒಬ್ಬ ಟೈಲರ್‌ನ ಫ್ಲೋಟರ್ ಮಾಡಿದೆ. ಯಾರು ಎದ್ದರೂ ಅವರ ಜಾಗದಲ್ಲಿ ಅವಳು ಕೂರಬೇಕು. ಯಾರು ಯಾವಾಗ ಏಳಬೇಕು ಅನ್ನೋದನ್ನು ಅವರವರೇ ಕಣ್ಸನ್ನೆಯಲ್ಲಿ ತೀರ್ಮಾನಿಸಿಕೊಳ್ಳುತ್ತಿದ್ದರು. ಪ್ರೊಡಕ್ಷನ್ ಬೀಳಲಿಲ್ಲ. ಟೋಕನ್‌ಗಳು ಈಗ ನನ್ನ ಡ್ರಾಯರ್‌ನಲ್ಲಿವೆ.

ಆಮೇಲೆ ಒಂದು ಟ್ರೈನಿಂಗ್‌ನಲ್ಲಿ ರಾಬರ್ಟ್ ಕರಾಸೆಕ್ ಅನ್ನೋ ಸಂಶೋಧಕರ ವಿಷಯ ಹೇಳಿದರು. ಅಮೆರಿಕ, ಸ್ವೀಡನ್ ಕೆಲಸಗಾರರ ಸಮೀಕ್ಷೆಗಳನ್ನು ನೋಡಿ 1979ರಲ್ಲಿ ಅವರು ಬರೆದದ್ದು. ಬರೀ ಹೊರೆ ಜಾಸ್ತಿಯಾದರೆ ಮನುಷ್ಯ ಅಷ್ಟು ಕುಗ್ಗೋದಿಲ್ಲ, ಹೊರೆಯೂ ಜಾಸ್ತಿ, ಕೆಲಸದ ಮೇಲೆ ತನ್ನ ಹಿಡಿತವೂ ಇಲ್ಲ ಅಂದಾಗ ಕುಗ್ಗುತ್ತಾನೆ ಅಂತ. ಪಕ್ಕದಲ್ಲಿದ್ದ ಸೂಪರ್‌ವೈಸರ್ ಆಕಳಿಸಿದಳು. ನನಗೆ ಮಾತ್ರ ಆ ಎರಡು ಟೋಕನ್ ನೆನಪಾದವು.

ಕೂಗೋದು ಬಿಡೋದು ಎಲ್ಲಕ್ಕಿಂತ ಕಷ್ಟ ಆಯಿತು. ಅದು ಚಟ. ಎರಡು ವಾರ ರಿಜಿಸ್ಟರ್ ಹಿಂದೆ ಬರೆದಿಟ್ಟೆ, ಯಾವ ಗಂಟೆಯಲ್ಲಿ ಕೂಗಿದೆ, ಮುಂದಿನ ಗಂಟೆಯಲ್ಲಿ ಆಲ್ಟರ್ ಪೀಸ್, ಅಂದರೆ ಹೊಲಿಗೆ ತಪ್ಪಿ ವಾಪಸ್ ಬರುವ ಪೀಸ್, ಎಷ್ಟು ಬಂತು. ಸುಮ್ಮನಿದ್ದಾಗ ಮೂರೋ ನಾಲ್ಕೋ. ಕೂಗಿದರೆ ಏಳೆಂಟು. ಬಿಚ್ಚಿ ಮತ್ತೆ ಹೊಲಿಯಲು ಹಿಡಿಯುವ ಹೊತ್ತು ಲೆಕ್ಕ ಹಾಕಿದರೆ ನನ್ನ ಗಂಟಲು ಫ್ಯಾಕ್ಟರಿಗೆ ನಷ್ಟವನ್ನೇ ಮಾಡುತ್ತಿತ್ತು. ಕಾಲರ್ ಅಕ್ಕನಿಗೆ ಹೇಳಿದೆ, ನನ್ನ ಧ್ವನಿ ಏರಿದರೆ ದಾರ ಕತ್ತರಿಸುವ ಟ್ರಿಮ್ಮರ್‌ನಿಂದ ಟೇಬಲ್ ಮೇಲೆ ಎರಡು ಸಲ ಕುಟ್ಟಿ ಅಂತ. ಅವರು ಅದನ್ನು ತುಂಬಾ ಖುಷಿಯಿಂದ ಮಾಡುತ್ತಾರೆ. ಕೆಲವು ಸಲ ನಾನು ಬಾಯಿ ತೆರೆಯುವ ಮೊದಲೇ.

ಬೆಳಿಗ್ಗೆ ಮೆಷಿನ್ ಆನ್ ಆಗುವ ಮೊದಲು ಐದು ನಿಮಿಷ ನಿಂತು ಮಾತಾಡುತ್ತೇವೆ. ಮೊದಲ ವಾರ ಯಾರೂ ತುಟಿ ಬಿಚ್ಚಲಿಲ್ಲ. ಇವಳು ಏನೋ ಬಾಯಿ ಬಿಡಿಸೋಕೆ ನೋಡುತ್ತಿದ್ದಾಳೆ ಅಂತ ಅನುಮಾನ. ನಾನೇ "ರಾತ್ರಿ ಮಗನಿಗೆ ಜ್ವರ, ನಿದ್ದೆ ಇಲ್ಲ, ಇವತ್ತು ಸಿಡುಕಬಹುದು" ಅಂದೆ. ಆಮೇಲೆ ಒಬ್ಬೊಬ್ಬರೇ ಹೇಳತೊಡಗಿದರು. ಹುಷಾರಿಲ್ಲದವರಿಗೆ ಅವತ್ತು ಸುಲಭದ ಆಪರೇಷನ್ ಕೊಡುತ್ತೇನೆ. ಎಲ್ಲರ ಮನೆ ಕಷ್ಟ ನನ್ನಿಂದ ತೀರಿಸೋಕೆ ಆಗಲ್ಲ. ಕುಡಿದು ಹೊಡೆಯುವ ಗಂಡನಿಗೆ ನಾನು ಏನು ಮಾಡಲಿ? ಆದರೆ ರಾತ್ರಿ ಏಟು ತಿಂದು ಬಂದವಳಿಗೆ ಬೆಳಿಗ್ಗೆ ನಾನೂ ಬಂಡಲ್ ಎಸೆಯೋದು ಬೇಡ ಅಲ್ವಾ?

ಶಿಪ್‌ಮೆಂಟ್ ವಾರ ಬಂದರೆ ಇದರಲ್ಲಿ ಅರ್ಧ ಕೈಬಿಡುತ್ತದೆ, ಸುಳ್ಳು ಹೇಳಲ್ಲ. ಓವರ್‌ಟೈಮ್ ಬಂದೇ ಬರುತ್ತದೆ. ಅದಕ್ಕೆ ಎರಡರಷ್ಟು ಕೂಲಿ ಅಂತ 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಇತ್ತು. ಆದರೆ ಹೆಂಗಸರ ಜಗಳ ದುಡ್ಡಿಗಿಂತ ಹೇಳುವ ಹೊತ್ತಿನ ಬಗ್ಗೆ. ಮೊದಲು ಐದೂಕಾಲಿಗೆ, ಬ್ಯಾಗ್ ಎತ್ತಿಕೊಳ್ಳುವಾಗ ಹೇಳುತ್ತಿದ್ದರು. ಮನೆಗೆ ತಿಳಿಸೋದು ಯಾವಾಗ? ಈಗ ಊಟದ ಬೆಲ್‌ಗೆ ಮೊದಲೇ ಹೇಳಬೇಕು ಅಂತ ಹಟ ಹಿಡಿದು ಒಪ್ಪಿಸಿದ್ದೇನೆ. ಅಂಥ ದಿನ ಊಟದ ಹೊತ್ತಿನಲ್ಲಿ ಲಾಕರ್‌ನಿಂದ ಫೋನ್ ತೆಗೆದು ಕಾಂಪೌಂಡ್ ಗೋಡೆಗೆ ಒರಗಿ ಸಾಲಾಗಿ ನಿಂತಿರುತ್ತಾರೆ. ಒಬ್ಬರು ವ್ಯಾನಿನವನಿಗೆ, ಒಬ್ಬರು ಅತ್ತೆಗೆ. ಕಾಲರ್ ಅಕ್ಕ ಮಗಳಿಗೆ ಹೇಳುತ್ತಿರುತ್ತಾರೆ, "ಅಕ್ಕಿ ತೊಳೆದು ಕುಕ್ಕರ್ ಇಟ್ಬಿಡು ಪುಟ್ಟಿ. ಮೂರು ಸಲ ಕೂಗಿದ್ಮೇಲೆ ಆಫ್ ಮಾಡು. ನಾನು ಎಂಟಕ್ಕೆ ಬರ್ತೀನಿ."