ಇಂಗ್ಲೆಂಡಿನ ಪೇಟೆಯಲ್ಲಿ ಹೊಸ ಕಟ್ಟಡಕ್ಕೆ ತಕರಾರು: ಟ್ರಾಫಿಕ್ ವರದಿಯನ್ನು ಓದುವ ಬಗೆ

ಬಾಗಲಕೋಟೆಯ ಮುಳುಗಡೆ ನೋಟಿಸು ಕಂಡ ಮನೆಗಳಿಗೆ ತಕರಾರು ಅರ್ಜಿ ಹೊಸದಲ್ಲ. ಅಲ್ಲಿ ಜಮೀನು ಹೋಗುವವರು ತಕರಾರು ಮಾಡುತ್ತಿದ್ದರು. ಇಂಗ್ಲೆಂಡಿನಲ್ಲಿ ಜಾಗ ನಿಮ್ಮದಾಗಿರಬೇಕಿಲ್ಲ. ಬೆಳಗಾವಿಯಿಂದ ಮೊನ್ನೆಯಷ್ಟೇ ವರ್ಕ್ ವೀಸಾದಲ್ಲಿ ಬಂದು ಬಾಡಿಗೆ ಮನೆಯಲ್ಲಿದ್ದರೂ ಪೇಟೆ ನಡುವೆ ಏಳಲಿರುವ ಕಟ್ಟಡಕ್ಕೆ ನೀವು ತಕರಾರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. (ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ನಿಯಮ ಬೇರೆ.)

ಮೊದಲು ಗಡುವು ನೋಡಿ. ಜಾಗದ ಹತ್ತಿರ ಕಂಬಕ್ಕೆ ಕಟ್ಟಿದ ನೋಟಿಸಿಗೆ ಸಾಮಾನ್ಯವಾಗಿ 21 ದಿನ, ಪತ್ರಿಕಾ ಪ್ರಕಟಣೆಗೆ 14 ದಿನ, ಪರಿಸರ ಪರಿಣಾಮ ವರದಿ ಇರುವ ಅರ್ಜಿಗೆ 30 ದಿನ. ತಡವಾಗಿ ಹೋದ ಪತ್ರವನ್ನೂ ಕೌನ್ಸಿಲ್ (ಸ್ಥಳೀಯ ಆಡಳಿತ) ಓದಬಹುದು, ಆದರೆ ಆ ಭರವಸೆಯ ಮೇಲೆ ಕೂರಬೇಡಿ. ಕೌನ್ಸಿಲಿನ ಪ್ಲ್ಯಾನಿಂಗ್ ಜಾಲತಾಣದಲ್ಲಿ ಅರ್ಜಿ ಸಂಖ್ಯೆ ಹಾಕಿದರೆ ಎಲ್ಲ ಕಾಗದಪತ್ರ ಸಿಗುತ್ತವೆ. ಅದರಲ್ಲಿ ‘ಟ್ರಾನ್ಸ್‌ಪೋರ್ಟ್ ಅಸೆಸ್‌ಮೆಂಟ್’ ಎಂಬ ಕಡತವನ್ನೂ, ಅಂದರೆ ಬಿಲ್ಡರ್ ಕಡೆಯ ಟ್ರಾಫಿಕ್ ವರದಿಯನ್ನೂ, ಅದರ ಅನುಬಂಧಗಳನ್ನೂ ಇಳಿಸಿಕೊಳ್ಳಿ. ಅಸಲು ಲೆಕ್ಕ ಇರುವುದು ಅನುಬಂಧದಲ್ಲಿ.

‘ಟ್ರಾಫಿಕ್ ಹೆಚ್ಚಾಗುತ್ತದೆ’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ರಾಷ್ಟ್ರೀಯ ಪ್ಲ್ಯಾನಿಂಗ್ ನೀತಿಯ 2024ರ ಡಿಸೆಂಬರ್ ಆವೃತ್ತಿಯ 116ನೇ ಪ್ಯಾರಾ ಪ್ರಕಾರ, ರಸ್ತೆಯ ಕಾರಣಕ್ಕೆ ಅರ್ಜಿ ತಿರಸ್ಕರಿಸಲು ಎರಡೇ ಆಧಾರ: ರಸ್ತೆ ಸುರಕ್ಷತೆಗೆ ಒಪ್ಪಲಾಗದ ಧಕ್ಕೆ, ಇಲ್ಲವೇ ಪರಿಹಾರ ಕ್ರಮಗಳ ನಂತರವೂ ಉಳಿಯುವ ಒಟ್ಟು ಪರಿಣಾಮ ‘ಸಿವಿಯರ್’ (ತೀವ್ರ) ಆಗಿರುವುದು. ಹಾಗಾಗಿ ವರದಿಯ ಯಾವ ಅಂಕಿ ತಪ್ಪು, ಆ ತಪ್ಪಿನ ಹಿಂದೆ ಯಾವ ತೊಂದರೆ ಮರೆಯಾಗಿದೆ ಎಂದು ತೋರಿಸಬೇಕು.

ಗಾಡಿ ಎಣಿಸಿದ ದಿನಾಂಕದಿಂದ ಶುರು ಮಾಡಿ. ಶಾಲೆಗೆ ರಜೆ ಇತ್ತೇ? ಪಕ್ಕದ ರಸ್ತೆ ಕಾಮಗಾರಿಗೆ ಬಂದ್ ಆಗಿತ್ತೇ? ಪೇಟೆಯಲ್ಲಿ ಅಂಗಡಿಗಳು ಬರುವುದಾದರೆ ಶನಿವಾರ ಮಧ್ಯಾಹ್ನದ ಲೆಕ್ಕ ಇದೆಯೇ, ಇಲ್ಲಾ ವಾರದ ದಿನ ಬೆಳಿಗ್ಗೆ ಮತ್ತು ಸಂಜೆಯದು ಮಾತ್ರವೇ?

ಇದಕ್ಕಿಂತ ದೊಡ್ಡ ದೋಷ ಒಂದಿದೆ, ಅದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಬೆಳಗಾವಿಯ ಟಿಳಕವಾಡಿಯಲ್ಲಿ ರೈಲ್ವೆ ಗೇಟು ಬಿದ್ದಾಗ ಹಳಿ ದಾಟಿದ ಗಾಡಿಗಳನ್ನು ಎಣಿಸಿದರೆ ಲೆಕ್ಕ ಸೊನ್ನೆ. ಹಾಗಂತ ರಸ್ತೆ ಖಾಲಿ ಇದೆ ಎನ್ನಲಾದೀತೆ? ಇಲ್ಲಿಯೂ ಎಣಿಕೆಯೆಂದರೆ ಜಂಕ್ಷನ್ ದಾಟಿದ ಗಾಡಿಗಳದು. ಸಾಲಿನಲ್ಲಿ ಸಿಕ್ಕಿಕೊಂಡವು ಅದರಲ್ಲಿ ಬರುವುದಿಲ್ಲ. ಜಂಕ್ಷನ್ ಪೂರಾ ಕಟ್ಟಿಕೊಂಡಷ್ಟೂ ಅಂಕಿ ಕಡಿಮೆಯಾಗಿ, ಕಂಪ್ಯೂಟರ್ ಮಾದರಿ ‘ಜಾಗ ಸಾಕಷ್ಟಿದೆ’ ಎನ್ನುತ್ತದೆ. ಇದಕ್ಕೇ ನಿಂತ ಸಾಲನ್ನು ಅಳೆಯುವ ಕ್ಯೂ ಸರ್ವೆ ಬೇಕು. ಮಾದರಿ ತೋರಿಸುವ ಈಗಿನ ಸಾಲಿನ ಉದ್ದವೂ ರಸ್ತೆಯ ಮೇಲಿನ ನಿಜವಾದ ಸಾಲೂ ತಾಳೆಯಾಗದಿದ್ದರೆ, ಮುಂದಿನ ವರ್ಷಗಳ ಅಂದಾಜನ್ನು ನಂಬಲು ಆಧಾರವಿಲ್ಲ. ಶಾಲೆ ನಡೆಯುವ ವಾರದ ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ನಿಂತು, ಐದೈದು ನಿಮಿಷಕ್ಕೆ ಸಾಲಿನ ಗಾಡಿಗಳನ್ನು ಎಣಿಸಿ, ಸಮಯ ಕಾಣುವಂತೆ ಫೋಟೊ ತೆಗೆಯಿರಿ.

ವೃತ್ತ (ರೌಂಡಬೌಟ್) ಮತ್ತು ಸಿಗ್ನಲ್ ಇಲ್ಲದ ಕೂಡುರಸ್ತೆಗಳ ಕೋಷ್ಟಕದಲ್ಲಿ ‘ಆರ್‌ಎಫ್‌ಸಿ’ ಎಂಬ ಅಂಕಿ ಹುಡುಕಿ. ಅದು ಬರುವ ಗಾಡಿಗಳಿಗೂ ರಸ್ತೆಯ ಸಾಮರ್ಥ್ಯಕ್ಕೂ ಇರುವ ಅನುಪಾತ. 0.85 ದಾಟಿದ ಮೇಲೆ ಸಾಲು ಸರ್ರನೆ ಬೆಳೆಯುತ್ತದೆ. ಸಿಗ್ನಲ್‌ಗಳಿಗೆ ಇದೇ ಬಗೆಯ ಮಿತಿ ಶೇ. 90. ಹೊಸ ಕಟ್ಟಡಕ್ಕೆ ಎಷ್ಟು ಗಾಡಿ ಬಂದುಹೋಗುತ್ತವೆ ಎಂಬ ಅಂದಾಜು ‘ಟ್ರಿಕ್ಸ್’ ಎಂಬ ದತ್ತಾಂಶದಿಂದ ಬರುತ್ತದೆ. ಹೋಲಿಕೆಗೆ ಆರಿಸಿದ ಜಾಗಗಳ ಪಟ್ಟಿ ನೋಡಿ: ನಿಮ್ಮದು ಸಣ್ಣ ಪಟ್ಟಣವಾಗಿದ್ದು, ಹೋಲಿಸಿದ್ದು ಮೆಟ್ರೊ ಪಕ್ಕದ ದೊಡ್ಡ ಶಹರವಾದರೆ ಕಾರುಗಳ ಲೆಕ್ಕ ಕಡಿಮೆಯೇ ಬರುತ್ತದೆ. ಆಗಲೇ ಅನುಮತಿ ಸಿಕ್ಕು ಇನ್ನೂ ಕಟ್ಟದ ಸುತ್ತಲಿನ ಯೋಜನೆಗಳ ಗಾಡಿಗಳನ್ನು ಸೇರಿಸಿದ್ದಾರೆಯೇ ಎಂಬುದನ್ನೂ ಪರೀಕ್ಷಿಸಿ.

ಪತ್ರದಲ್ಲಿ ಅರ್ಜಿ ಸಂಖ್ಯೆ, ‘ಐ ಆಬ್ಜೆಕ್ಟ್’ ಎಂಬ ಸ್ಪಷ್ಟ ಮಾತು, ವರದಿಯ ಪುಟ ಸಂಖ್ಯೆ, ತಪ್ಪು, ಅದರ ಪರಿಣಾಮ, ನಿಮ್ಮ ಬೇಡಿಕೆ, ಇಷ್ಟಿರಲಿ. ಬೇಡಿಕೆ ಎಂದರೆ ತಿರಸ್ಕಾರ, ಇಲ್ಲವೇ ಹೊಸ ಸರ್ವೆ ಬರುವವರೆಗೆ ತೀರ್ಮಾನ ಬೇಡ ಎನ್ನುವುದು. ಮನೆಯ ಬೆಲೆ ಇಳಿಯುತ್ತದೆ, ಕಿಟಕಿಯ ನೋಟ ಹೋಗುತ್ತದೆ ಎಂದು ಬರೆಯಬೇಡಿ, ಅವನ್ನು ಪರಿಗಣಿಸುವುದಿಲ್ಲ. ಪತ್ರ ಎಲ್ಲರಿಗೂ ಕಾಣುವಂತೆ ಪ್ರಕಟವಾಗುವುದರಿಂದ ಫೋನ್ ನಂಬರ್ ಒಳಗೆ ಹಾಕಬೇಡಿ.

ಸ್ಥಳೀಯ ರಸ್ತೆಗಳ ಹೊಣೆ ಹೊತ್ತ ಹೈವೇ ಅಥಾರಿಟಿ ಕೊಡುವ ಅಭಿಪ್ರಾಯಕ್ಕೆ ತೂಕ ಹೆಚ್ಚು. ಎರಡು ಹಂತದ ಆಡಳಿತವಿರುವಲ್ಲಿ ಅದು ಡಿಸ್ಟ್ರಿಕ್ಟ್ ಅಲ್ಲ, ಕೌಂಟಿ ಕೌನ್ಸಿಲ್. ಅದು ‘ತಕರಾರಿಲ್ಲ’ ಎಂದಿದ್ದರೂ ಕೈಚೆಲ್ಲಬೇಡಿ. ಅದು ಗಮನಿಸದ ಅಂಶವನ್ನು ಹೆಸರಿಸಿ ಅದಕ್ಕೂ, ಅರ್ಜಿ ತೀರ್ಮಾನಿಸುವ ಕೌನ್ಸಿಲಿಗೂ ಕಳಿಸಿ. ಅರ್ಜಿಯನ್ನು ಕೌನ್ಸಿಲಿನ ಪ್ಲ್ಯಾನಿಂಗ್ ಸಮಿತಿಯ ಮುಂದೆ ತರಲು ನಿಮ್ಮ ವಾರ್ಡ್ ಕೌನ್ಸಿಲರನ್ನು ಬೇಗ ಕೇಳಿ. ಸಮಿತಿಯಲ್ಲಿ ಮಾತಿಗೆ ಸಿಗುವುದು ಬಹಳ ಕಡೆ ಮೂರೇ ನಿಮಿಷ, ಅದಕ್ಕೂ ಮೊದಲೇ ಹೆಸರು ಕೊಟ್ಟಿರಬೇಕು.

ಅನುಮತಿ ಸಿಕ್ಕರೆ ನಿಮಗೆ ಮೇಲ್ಮನವಿಯ ಹಕ್ಕಿಲ್ಲ. ಉಳಿಯುವುದು ಆರು ವಾರದೊಳಗಿನ ನ್ಯಾಯಾಂಗ ಪರಿಶೀಲನೆ. ಅದು ದುಬಾರಿ, ಅಲ್ಲಿ ನೋಡುವುದು ಕಾನೂನಿನ ತಪ್ಪನ್ನಷ್ಟೇ. ಅನುಮತಿ ತಿರಸ್ಕಾರವಾದರೆ ಬಿಲ್ಡರ್ ಮೇಲ್ಮನವಿಗೆ ಹೋಗಬಹುದು. ಆಗ ನಿಮ್ಮ ಮೊದಲ ಪತ್ರವೇ ಮೇಲ್ಮನವಿ ತೀರ್ಮಾನಿಸುವ ಪ್ಲ್ಯಾನಿಂಗ್ ಇನ್ಸ್‌ಪೆಕ್ಟರ್ ಕೈಗೆ ಹೋಗುತ್ತದೆ, ಆದ್ದರಿಂದ ಎಣಿಕೆಯ ಕೋಷ್ಟಕ ಮತ್ತು ಫೋಟೊಗಳನ್ನು ಅದಕ್ಕೇ ಲಗತ್ತಿಸಿ.